ಹಳೇ ಲ್ಯಾಪ್‌ಟಾಪ್ ಬಿಚ್ಚಿದ ಕಥೆ: ಏನು ಬದಲಾಯಿಸಿದೆ, ಯಾವುದಕ್ಕೆ ಕೈ ಹಾಕಲಿಲ್ಲ

ತಳದಲ್ಲಿ 9 ತೂತು, 8 ಸ್ಕ್ರೂ. ಬಿಚ್ಚುವ ಮೊದಲೇ ಎಣಿಸಿಟ್ಟಿದ್ದೆ, ಹಾಗಾಗಿ ಕಳೆದವನು ನಾನಲ್ಲ. ಅಂದರೆ ನನಗಿಂತ ಮುಂಚೆ ಯಾರೋ ಇದರೊಳಗೆ ಕೈ ಆಡಿಸಿದ್ದಾರೆ. ಏನು ಹಾಕಿದರೋ, ಏನು ತೆಗೆದರೋ, ನೋಡೋಣ ಅಂತ ಸ್ಕ್ರೂಡ್ರೈವರ್ ತೆಗೆದುಕೊಂಡು ಕೂತೆ.

ಇದು 14 ಇಂಚಿನ ಲ್ಯಾಪ್‌ಟಾಪ್. ಆಫೀಸುಗಳಲ್ಲಿ ನಾಲ್ಕೈದು ವರ್ಷ ದುಡಿದು ಒಟ್ಟಿಗೆ ನೂರಾರು ಹೊರಬರುತ್ತವಲ್ಲ, ಆ ಜಾತಿಯದು. ಇಂಟೆಲ್ ಕೋರ್ ಐ5-8250ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 1366×768 ಪರದೆ. 8ನೇ ಜನರೇಶನ್ನೇ ಬೇಕು ಅಂತ ಹುಡುಕಿದ್ದಕ್ಕೆ ಕಾರಣ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ, ಒಂದೆರಡು ಅಪವಾದ ಬಿಟ್ಟರೆ, 8ನೇ ಜನರೇಶನ್ನಿಂದ ಶುರುವಾಗುತ್ತದೆ. ಮಿಕ್ಕಿದ್ದೆಲ್ಲ ಆಮೇಲೆ ಬದಲಾಯಿಸಿಕೊಳ್ಳಬಹುದು, ಪ್ರೊಸೆಸರ್ ಮಾತ್ರ ಆಗುವುದಿಲ್ಲ. ಅಷ್ಟು ತಿಳಿದುಕೊಂಡೇ ತಗೊಂಡಿದ್ದೆ.

ಮಾರುವವರು ಆನ್ ಮಾಡಿ ತೋರಿಸಿದಾಗ ಚುರುಕಾಗಿಯೇ ಇತ್ತು. ಮನೆಗೆ ತಂದು ಅಡಾಪ್ಟರ್ ಹಾಕಿ ಕೂತರೆ, ಒಂದು ಬ್ರೌಸರ್ ತೆರೆಯುವಷ್ಟರಲ್ಲಿ ಆಕಳಿಕೆ ಬರುತ್ತಿತ್ತು. ಹಾರ್ಡ್ ಡಿಸ್ಕ್ ಅಲ್ವಾ, ನಿಮಿಷಕ್ಕೆ 5400 ಸುತ್ತಿನದು ಅಲ್ವಾ, ಇಷ್ಟೇ ಇದರ ಯೋಗ್ಯತೆ ಅಂದುಕೊಂಡೆ. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿದರೆ, ರ‍್ಯಾಮ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ. ಈ "ಮನೆಗೆ ತಂದಾಗ ನಿಧಾನ" ಅನ್ನುವ ಸಂಗತಿಯನ್ನು ಅಲ್ಲೇ ಹಿಡಿದು ವಿಚಾರಿಸಿದ್ದರೆ ಒಂದು ವಾರ ಉಳಿಯುತ್ತಿತ್ತು. ಅದು ಮುಂದೆ ಬರುತ್ತದೆ.

ಬಿಚ್ಚುವ ಮೊದಲು ಮೂರು ವಿಷಯ ನೋಡಿದೆ. ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂಗೆ, ಪಾಸ್‌ವರ್ಡ್ ಇದೆಯಾ ಅನ್ನುವುದು ಮೊದಲನೆಯದು. ಆಫೀಸು ಮಾದರಿಗಳಲ್ಲಿ ಈ ಪಾಸ್‌ವರ್ಡ್ ಬೇರೆಯೇ ಚಿಪ್‌ನಲ್ಲಿ ಕೂತಿರುತ್ತದೆ, ನಾಣ್ಯದಂಥ ಬ್ಯಾಟರಿ ಕಿತ್ತರೆ ಅಳಿಸಿ ಹೋಗುವ ಕಾಲ ಹೋಯಿತು. ಆಮೇಲೆ ಹಳೇ ಕಂಪನಿಯ ಖಾತೆಗೆ ಇನ್ನೂ ನೋಂದಣಿಯಾಗಿದೆಯಾ ಅಂತ ನೋಡಬೇಕು. ಆಗಿದ್ದರೆ ವಿಂಡೋಸ್ ಹೊಸದಾಗಿ ಹಾಕಿದ ತಕ್ಷಣ "ನಿಮ್ಮ ಸಂಸ್ಥೆಯ ಇಮೇಲ್ ಕೊಡಿ" ಅಂತ ಕೇಳುತ್ತದೆ, ಡಿಸ್ಕ್ ಬದಲಾಯಿಸಿದರೂ ಬಿಡುವುದಿಲ್ಲ. ಮೂರನೆಯದು ಹಾರ್ಡ್ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಮರುಹಂಚಿಕೆಯಾದ ಸೆಕ್ಟರ್‌ಗಳ ಸಾಲು ಸೊನ್ನೆ ಇರಬೇಕು, ನನ್ನದರಲ್ಲಿ ಸೊನ್ನೆ ಇರಲಿಲ್ಲ. ಹೇಗೂ ಕಿತ್ತುಹಾಕುವ ಡಿಸ್ಕ್ ಅಂತ ತಲೆ ಕೆಡಿಸಿಕೊಳ್ಳಲಿಲ್ಲ.

ನಿಜವಾದ ಹೋಮ್‌ವರ್ಕ್ ಅಂದರೆ ಸರ್ವೀಸ್ ಮ್ಯಾನುಯಲ್ ಓದುವುದು. ಲೆನೊವೊ, ಡೆಲ್, ಎಚ್‌ಪಿ ಮೂವರೂ ತಮ್ಮ ಆಫೀಸು ಮಾದರಿಗಳಿಗೆ ಇದನ್ನು ಪುಕ್ಕಟೆ ಹಾಕುತ್ತಾರೆ. ಯಾವ ಸ್ಕ್ರೂ ಎಷ್ಟು ಉದ್ದ, ಯಾವುದನ್ನು ಮೊದಲು ಕೀಳಬೇಕು, ಯಾವ ಸ್ಲಾಟ್‌ಗೆ ಏನು ಹೊಂದುತ್ತದೆ, ಎಲ್ಲ ಚಿತ್ರ ಸಮೇತ ಇರುತ್ತದೆ. ನಾನು ಓದಿದೆ. ಪೂರ್ತಿ ಓದಲಿಲ್ಲ.

ಸ್ಕ್ರೂಗಳಿಗೆ ನನ್ನದೊಂದು ಪದ್ಧತಿ ಇದೆ. ಬಿಳಿ ರಟ್ಟಿನ ಮೇಲೆ ಲ್ಯಾಪ್‌ಟಾಪ್ ತಳದ ಆಕಾರ ಬರೆದು, ತೂತು ಇರುವಲ್ಲೇ ಆಯಾ ಸ್ಕ್ರೂ ಚುಚ್ಚಿಡುತ್ತೇನೆ. ಎಲ್ಲ ಒಂದೇ ಥರ ಕಾಣುತ್ತವೆ, ಆದರೆ ಅಂಗೈ ಇಡುವ ಜಾಗದ ಕೆಳಗೆ ಹೋಗುವ ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಬಿಗಿದರೆ ಅದು ಮೇಲ್ಗಡೆ ಪ್ಲಾಸ್ಟಿಕ್ಕನ್ನು ಉಬ್ಬಿಸುತ್ತದೆ, ಇಲ್ಲವೇ ಮದರ್‌ಬೋರ್ಡ್ ಮೇಲಿನ ಕರೆಂಟ್ ಒಯ್ಯುವ ಗೆರೆಯೊಂದನ್ನು ಕತ್ತರಿಸುತ್ತದೆ. ತಳದ ಮುಚ್ಚಳವನ್ನು ಹಿಂಜಿನ ಕಡೆಯಿಂದ ಗಿಟಾರ್ ಪಿಕ್ ಹಾಕಿ ಎಬ್ಬಿಸಿದೆ. ಟಕ್ ಟಕ್ ಅಂತ ಕ್ಲಿಪ್‌ಗಳು ಬಿಡುವ ಸದ್ದು ಎಷ್ಟು ಸಲ ಕೇಳಿದರೂ ಮುರಿದೇಹೋಯಿತು ಅನಿಸುತ್ತದೆ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಮಿಕ್ಕಿದ್ದೆಲ್ಲ ಆಮೇಲೆ. ಆಫ್ ಮಾಡಿದ್ದೇನಲ್ಲ ಅಂತ ಬಿಡಬಾರದು, ಆಫ್ ಆದ ಲ್ಯಾಪ್‌ಟಾಪಿನ ಬೋರ್ಡ್‌ನಲ್ಲೂ ಕೆಲವು ಕಡೆ ವೋಲ್ಟೇಜ್ ಇದ್ದೇ ಇರುತ್ತದೆ.

ಈಗ ಬೋರ್ಡ್ ನೋಡೋಣ. ಒಂದೇ ಒಂದು ರ‍್ಯಾಮ್ ಸ್ಲಾಟ್, ಅದರಲ್ಲಿ 4 ಜಿಬಿಯ ಕಡ್ಡಿ. ಇನ್ನುಳಿದ 4 ಜಿಬಿ ಬೋರ್ಡಿಗೇ ಬೆಸುಗೆ ಹಾಕಿದ ಕಪ್ಪು ಚಿಪ್‌ಗಳು. ಪಕ್ಕದಲ್ಲಿ ಕಡ್ಡಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್, ಖಾಲಿ. ಅದರ ಎದುರಿಗೆ ಧೂಳಿನ ತೆಳು ಪದರ, ನಡುವೆ ಮಾತ್ರ ಉದ್ದಕ್ಕೆ ಒಂದು ಪಟ್ಟಿಯಷ್ಟು ಜಾಗ ಶುಭ್ರ. ಅಳೆದೆ, 80 ಮಿಲಿಮೀಟರ್ ಉದ್ದ, 22 ಅಗಲ. ಎಂ.2 ಎಸ್‌ಎಸ್‌ಡಿಯ 2280 ಅಳತೆ ಅಂದರೆ ಇದೇ. ಇಲ್ಲಿ ಎಸ್‌ಎಸ್‌ಡಿ ಇತ್ತು, ಮಾರುವ ಮೊದಲು ಯಾರೋ ಅದನ್ನು ಕಿತ್ತುಕೊಂಡು ಹಳೇ ಹಾರ್ಡ್ ಡಿಸ್ಕ್ ತುರುಕಿದ್ದಾರೆ. ಎಸ್‌ಎಸ್‌ಡಿಯ ತುದಿ ಹಿಡಿಯುವ ಪುಟ್ಟ ಸ್ಕ್ರೂ ಕೂಡ ಇಲ್ಲ. ಇಂಥ ಖಾಲಿ ಸ್ಲಾಟ್‌ಗಳಲ್ಲಿ ಆ ಸ್ಕ್ರೂ ಇರುವುದೇ ಅಪರೂಪ, ತಗೊಳ್ಳುವಾಗ ಎಸ್‌ಎಸ್‌ಡಿ ಜೊತೆ ಬರುತ್ತದೆ ಅಂತಲೂ ಭರವಸೆ ಇಲ್ಲ. ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ (ಇದಕ್ಕೂ ಎಂ2 ಅಂತಲೇ ಹೆಸರು), 3 ಮಿಲಿಮೀಟರ್ ಉದ್ದದ ಸ್ಕ್ರೂ ಅದು, ಮೊದಲೇ ಒಂದು ಪೊಟ್ಟಣ ತರಿಸಿಟ್ಟುಕೊಂಡರೆ ಒಳ್ಳೆಯದು.

ಇಲ್ಲಿ ನಾನು ಮುಗ್ಗರಿಸಿದೆ. ಎಂ.2 ಸ್ಲಾಟ್ ಇದೆ, ಕಚ್ಚು ಎಂ-ಕೀ ಅನ್ನುವ ಜಾಗದಲ್ಲಿದೆ, ಹಾಗಾದರೆ ವೇಗದ ಜಾತಿಯ ಎನ್‌ವಿಎಂಇ ಎಸ್‌ಎಸ್‌ಡಿ ಹಿಡಿಸುತ್ತದೆ ಅಂತ ತರಿಸಿದೆ. ಚೆನ್ನಾಗಿ ಕೂತಿತು, ಸ್ವಲ್ಪವೂ ಒತ್ತಬೇಕಾಗಲಿಲ್ಲ. ಸ್ಕ್ರೂ ಬದಲು ಶಾಖ ತಡೆಯುವ ಹಳದಿ ಟೇಪ್ ಹಚ್ಚಿ ಆನ್ ಮಾಡಿದೆ. ಬಯೋಸ್‌ನಲ್ಲಿ ಡಿಸ್ಕೇ ಇಲ್ಲ. ತೆಗೆದು ಹಾಕಿದೆ, ಇಲ್ಲ. ಬಯೋಸ್ ಅಪ್‌ಡೇಟ್ ಮಾಡಿದೆ, ಇಲ್ಲ. ಎಸ್‌ಎಸ್‌ಡಿಯೇ ಸತ್ತಿದೆ ಅಂತ ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದರೆ ಅಲ್ಲಿ ಜೀವಂತ. ಆಮೇಲೆ ಮ್ಯಾನುಯಲ್‌ನ ನಾನು ಓದದ ಪುಟ ತೆರೆದೆ. ಈ ಸ್ಲಾಟ್‌ಗೆ ಹಾರ್ಡ್ ಡಿಸ್ಕ್ ಬಳಸುವಂಥ ಸಾಟಾ ಗೆರೆಗಳನ್ನು ಮಾತ್ರ ಎಳೆದಿದ್ದಾರೆ, ಎನ್‌ವಿಎಂಇಗೆ ಬೇಕಾದ, ಪಿಸಿಐ ಎಕ್ಸ್‌ಪ್ರೆಸ್ ಗೆರೆ ಇಲ್ಲವೇ ಇಲ್ಲ. ಸ್ಲಾಟಿನ ಆಕಾರ ಹೇಳುವುದು ಏನು ಕೂರುತ್ತದೆ ಅಂತ ಅಷ್ಟೇ, ಏನು ಕೆಲಸ ಮಾಡುತ್ತದೆ ಅಂತ ಅದು ಹೇಳುವುದಿಲ್ಲ.

ಅಂಗಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸಾಟಾ ಜಾತಿಯ ಎಂ.2 ಕಡ್ಡಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಬಹುಪಾಲು ಒಂದೇ ಕಚ್ಚು. ವೇಗದಲ್ಲಿ ಕಾಗದದ ಮೇಲೆ ಭಾರೀ ವ್ಯತ್ಯಾಸ. ಸಾಟಾ ಸೆಕೆಂಡಿಗೆ 550 ಎಂಬಿ ಹತ್ತಿರ ನಿಲ್ಲುತ್ತದೆ, ನಾಲ್ಕು ಲೇನ್ (ಮಾಹಿತಿ ಹರಿಯುವ ದಾರಿ) ಸಿಕ್ಕಿದ ಪಿಸಿಐ ಎಕ್ಸ್‌ಪ್ರೆಸ್ 3.0 ಎನ್‌ವಿಎಂಇ 3500 ಮುಟ್ಟುತ್ತದೆ. ಆದರೆ ಮನೆಯಲ್ಲಿ ಬ್ರೌಸರ್, ಡಾಕ್ಯುಮೆಂಟ್ ತೆರೆಯುವವರಿಗೆ ಈ ಅಂತರ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಹಾರ್ಡ್ ಡಿಸ್ಕಿನಿಂದ ಯಾವುದೋ ಒಂದು ಎಸ್‌ಎಸ್‌ಡಿಗೆ ಹಾರಿದಾಗ, ಯಾಕೆಂದರೆ ತಿರುಗುವ ತಟ್ಟೆಯ ಮೇಲೆ ಸೂಜಿ ಅತ್ತಿತ್ತ ಓಡಿ ಚೂರುಪಾರು ಫೈಲು ಹುಡುಕುವ ಕೆಲಸವೇ ಅಲ್ಲಿಗೆ ಇಲ್ಲವಾಗುತ್ತದೆ. ಹಾಗಾಗಿ 512 ಜಿಬಿಯ ಸಾಟಾ ಎಂ.2 ತರಿಸಿದೆ, ಎನ್‌ವಿಎಂಇ ಡಬ್ಬಿಯಲ್ಲೇ ಉಳಿದು ದೊಡ್ಡ ಪೆನ್‌ಡ್ರೈವ್ ಆಯಿತು. ಇಂಥದ್ದಕ್ಕೇ ಇರಬೇಕು, ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು.

ಎಂ.2 ಇಲ್ಲದಿದ್ದರೂ ಗಾಬರಿಯಿಲ್ಲ. ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹೋಗುತ್ತದೆ. ಎಸ್‌ಎಸ್‌ಡಿ 7 ಮಿಮೀ ದಪ್ಪ, ಹಳೇ ಡಿಸ್ಕ್ ಕೆಲವು ಸಲ 9.5 ಇರುತ್ತದೆ, ಅಲುಗಾಡಿದರೆ ನಡುವೆ ಒಂದು ಪ್ಲಾಸ್ಟಿಕ್ ಚೌಕಟ್ಟು ಸಾಕು.

ರ‍್ಯಾಮ್ ಕಡೆ ಬಂದರೆ, ಬೆಸುಗೆ ಹಾಕಿದ 4 ಜಿಬಿ ಜೀವಮಾನಪೂರ್ತಿ ಅಷ್ಟೇ. ಸ್ಲಾಟಿನಲ್ಲಿದ್ದ 4 ತೆಗೆದು 16 ಹಾಕಿದರೆ ಒಟ್ಟು 20. ವಿಚಿತ್ರ ಲೆಕ್ಕ ಅನಿಸುತ್ತದೆ, ಆದರೆ ಓಡುತ್ತದೆ. ಎರಡೂ ಕಡೆ ಸಮನಾಗಿ ಸಿಗುವ 4 ಮತ್ತು 4, ಅಂದರೆ ಮೊದಲ 8 ಜಿಬಿ, ಡ್ಯುಯಲ್ ಚಾನೆಲ್‌ನಲ್ಲಿ, ಎರಡು ದಾರಿಯಲ್ಲಿ ಒಟ್ಟಿಗೆ, ಓಡುತ್ತದೆ, ಮಿಕ್ಕ 12 ಸಿಂಗಲ್ ಚಾನೆಲ್‌ನಲ್ಲಿ. ಡ್ಯುಯಲ್ ಚಾನೆಲ್ ಯಾಕೆ ಬೇಕು ಅಂದರೆ, ಈ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ. ಇದರದ್ದು ಡಿಡಿಆರ್4 ತಲೆಮಾರು, ವೇಗ 2400. ಸಿಕ್ಕಿದ ಕಡ್ಡಿ 2666ರದ್ದು, ತೊಂದರೆ ಇಲ್ಲ, ಅದೇ ತನ್ನ ವೇಗ ಇಳಿಸಿಕೊಂಡು 2400ರಲ್ಲಿ ಓಡಿತು. ತಲೆಮಾರು ಮಾತ್ರ ಅದೇ ಇರಬೇಕು. ಡಿಡಿಆರ್3 ಕಡ್ಡಿಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262, ನಡುವಿನ ಕಚ್ಚಿನ ಜಾಗವೂ ಬೇರೆ, ತಪ್ಪಿ ತಂದರೆ ಕೂರುವುದೇ ಇಲ್ಲ. ಡಿಡಿಆರ್3 ಕಾಲದ ಯಂತ್ರ ನಿಮ್ಮದಾದರೆ ಇನ್ನೊಂದು ತಕರಾರಿದೆ, 1.5 ವೋಲ್ಟಿನ ಡಿಡಿಆರ್3 ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಕಚ್ಚು ಒಂದೇ. 4ನೇ ಜನರೇಶನ್ ನಂತರದ ಲ್ಯಾಪ್‌ಟಾಪ್‌ಗಳು ಬಹುಪಾಲು ಎಲ್ ಇರುವುದನ್ನೇ ಕೇಳುತ್ತವೆ.

ಕಡ್ಡಿಯನ್ನು ಓರೆಯಾಗಿ, 30 ಡಿಗ್ರಿ ಅನ್ನಿ, ಒಳಗೆ ನೂಕಿ ಆಮೇಲೆ ಕೆಳಗೆ ಒತ್ತಬೇಕು. ಒತ್ತಿದೆ, ಎರಡೂ ಬದಿಯ ಲೋಹದ ಕೊಕ್ಕೆ ಟಕ್ ಅಂದವು. ಆನ್ ಮಾಡಿದರೆ ದೀಪ ಉರಿಯಿತು, ಪರದೆ ಕಪ್ಪು. ಅರ್ಧ ನಿಮಿಷ ಕಾದೆ. ಹೊಸ ರ‍್ಯಾಮ್ ಹಾಕಿದಾಗ ಮೊದಲ ಸಲ ಬೋರ್ಡ್ ಅದರ ಜೊತೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ, ಅದು ಗೊತ್ತಿತ್ತು. ಎರಡು ನಿಮಿಷ ಆಯಿತು. ಆಫ್ ಮಾಡಿ, ಬ್ಯಾಟರಿ ಬಿಡಿಸಿ, ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಬಂಗಾರದ ಬಣ್ಣದ ಪಟ್ಟಿ ಒಂದು ಬದಿಯಲ್ಲಿ ಕೂದಲೆಳೆಯಷ್ಟು, ಇನ್ನೊಂದು ಬದಿಯಲ್ಲಿ ಒಂದು ಮಿಲಿಮೀಟರ್ ಕಾಣುತ್ತಿತ್ತು. ಸೊಟ್ಟಗೆ ಕೂತಿದೆ. ಕೊಕ್ಕೆ ಟಕ್ ಅಂದ ಮಾತ್ರಕ್ಕೆ ಕೂತಿತು ಅಂತಲ್ಲ. ಇನ್ನೊಮ್ಮೆ ನೇರ ನೂಕಿ ಒತ್ತಿದೆ, 20 ಸೆಕೆಂಡಿನಲ್ಲಿ ಲೋಗೋ ಬಂತು.

ಆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿ ಮಲಗಿದೆ. ಹೊಸ ಕಡ್ಡಿಗಿಂತ ಬೆಸುಗೆ ಹಾಕಿದ ಹಳೇ ಚಿಪ್‌ಗಳ ಮೇಲೇ ನನಗೆ ಅನುಮಾನ. ಕಡ್ಡಿ ಕೆಟ್ಟರೆ ಕಿತ್ತು ಹಾಕಬಹುದು, ಬೋರ್ಡ್ ಮೇಲಿನದು ಕೆಟ್ಟರೆ ಬೋರ್ಡೇ ಹೋದಂತೆ. ಹಿಂದಿರುಗಿಸುವ ಗಡುವು ಮುಗಿಯುವ ಮೊದಲು ಇದೊಂದು ಪರೀಕ್ಷೆ ಮಾಡಿಕೊಳ್ಳಲೇಬೇಕು. ಬೆಳಿಗ್ಗೆ ನೋಡಿದರೆ ತಪ್ಪು ಸೊನ್ನೆ.

ವಿಂಡೋಸ್ ಹೊಸದಾಗಿಯೇ ಹಾಕಿದೆ, ಹಳೇ ಡಿಸ್ಕಿನಿಂದ ನಕಲು ಮಾಡಲು ಹೋಗಲಿಲ್ಲ. ಯಾರದೋ ಐದು ವರ್ಷದ ಕಸ ನನಗೆ ಯಾಕೆ? ಲೈಸೆನ್ಸ್ ಚಿಂತೆ ಇಲ್ಲ, ಅದು ಡಿಸ್ಕಿಗಲ್ಲ, ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಯಿತು. ನಕಲು ಮಾಡುವವರು ಎರಡು ಕಡೆ ಎಚ್ಚರ ಇರಿ: ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀ ಬರೆದಿಟ್ಟುಕೊಳ್ಳಿ, ಮತ್ತೆ ಬಯೋಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ರೇಡ್ ಇದ್ದರೆ ಅದನ್ನು ಸುಮ್ನೆ ಎಎಚ್‌ಸಿಐಗೆ ತಿರುಗಿಸಬೇಡಿ, ಮುಂದಿನ ಸಲ ನೀಲಿ ಪರದೆ ಗ್ಯಾರಂಟಿ.

ಎಲ್ಲ ಮುಗಿಯಿತು, 20 ಜಿಬಿ ರ‍್ಯಾಮ್, ಹೊಸ ಎಸ್‌ಎಸ್‌ಡಿ, ಹೊಸ ವಿಂಡೋಸ್. ಆನ್ ಮಾಡಿದೆ. ಡೆಸ್ಕ್‌ಟಾಪ್ ಬರಲು 55 ಸೆಕೆಂಡ್. ಸ್ಟಾರ್ಟ್ ಮೆನು ಒತ್ತಿದರೆ ಅದು ಯೋಚನೆ ಮಾಡಿ ತೆರೆಯುತ್ತದೆ.

ನಿಜ ಹೇಳಬೇಕೆಂದರೆ ಆವತ್ತು ಮುಚ್ಚಿಟ್ಟು ಎದ್ದುಹೋದೆ.

ಮರುದಿನ ಟಾಸ್ಕ್ ಮ್ಯಾನೇಜರ್ ತೆರೆದು ಕೂತೆ. ಸಿಪಿಯು ಬಳಕೆ 100%. ಯಾವ ಪ್ರೋಗ್ರಾಂ ತಿನ್ನುತ್ತಿದೆ ಅಂತ ಹುಡುಕುತ್ತಾ ಹುಡುಕುತ್ತಾ ಕೆಳಗಡೆ ಬರೆದಿದ್ದ ವೇಗದ ಕಡೆ ಕಣ್ಣು ಹೋಯಿತು: 0.39 ಗಿಗಾಹರ್ಟ್ಸ್. ಈ ಪ್ರೊಸೆಸರಿನ ಮೂಲ ವೇಗ 1.6, ಓಡಿದರೆ 3.4 ಮುಟ್ಟಬೇಕು. ಬಿಸಿಯಾಗಿ ಕುಸಿದಿದೆಯಾ ಅಂದರೆ ಉಷ್ಣತೆ 48 ಡಿಗ್ರಿ, ತಣ್ಣಗಿದೆ. ಪವರ್ ಪ್ಲಾನ್ ಬದಲಾಯಿಸಿದೆ, ಏನೂ ಆಗಲಿಲ್ಲ. ಕಾಲು ಚಾಚುವಾಗ ಅಡಾಪ್ಟರ್ ವೈರಿಗೆ ತಾಗಿ ಅದು ಕಿತ್ತುಬಂತು. ನೋಡುತ್ತಿದ್ದಂತೆ ಗ್ರಾಫ್ ಎದ್ದು ನಿಂತಿತು, 3.38. ಮತ್ತೆ ಚುಚ್ಚಿದೆ, 0.39. ಕಿತ್ತೆ, 3.4. ಮಕ್ಕಳು ಲೈಟ್ ಸ್ವಿಚ್ ಆಡಿಸಿದ ಹಾಗೆ ಹತ್ತು ಸಲ ಆಡಿಸಿದೆ.

ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ ದುಂಡು ಪ್ಲಗ್ಗಿನ ನಡುವೆ ಸೂಜಿಯಂಥ ಪಿನ್ ಇರುತ್ತದೆ. ಅದು ಕರೆಂಟ್ ಒಯ್ಯುವುದಕ್ಕಲ್ಲ, ಈ ಅಡಾಪ್ಟರ್ ಇಷ್ಟು ವ್ಯಾಟಿನದು ಅಂತ ಬೋರ್ಡಿಗೆ ಗುರುತು ಹೇಳುವುದಕ್ಕೆ. ಗುರುತು ಸಿಗದಿದ್ದರೆ ಬೋರ್ಡ್ ಅಡಾಪ್ಟರನ್ನು ನಂಬುವುದಿಲ್ಲ. ಜಾಸ್ತಿ ಎಳೆದರೆ ಅದು ಸುಟ್ಟೀತು ಅಂತ ಪ್ರೊಸೆಸರನ್ನು ತೀರಾ ಕೆಳಗಿನ ವೇಗಕ್ಕೆ ಕಟ್ಟಿಹಾಕುತ್ತದೆ, ಬ್ಯಾಟರಿ ಚಾರ್ಜ್ ಮಾಡುವುದನ್ನೂ ನಿಲ್ಲಿಸುತ್ತದೆ. ಬಯೋಸ್‌ಗೆ ಹೋಗಿ ನೋಡಿದರೆ ಅಡಾಪ್ಟರ್ ಅನ್ನುವ ಸಾಲಿನಲ್ಲಿ "ಗೊತ್ತಿಲ್ಲ" ಅಂತಲೇ ಬರೆದಿದೆ. ಬ್ಯಾಟರಿ ಬೇರೆ ಮೂರು ದಿನದಿಂದ 41%ನಲ್ಲಿ ನಿಂತಿತ್ತು, "ಪ್ಲಗ್ ಆಗಿದೆ, ಚಾರ್ಜ್ ಆಗುತ್ತಿಲ್ಲ" ಅಂತ ದಿನಾ ಕಣ್ಣೆದುರೇ ಇತ್ತು. ಹಳೇ ಬ್ಯಾಟರಿ ಅಲ್ವಾ ಅಂತ ಅದರ ತಲೆಗೇ ಕಟ್ಟಿದ್ದೆ! ಮಾರುವಾಗ ತೋರಿಸಿದ್ದು ಬ್ಯಾಟರಿ ಮೇಲೆ. ಅದಕ್ಕೇ ಅಲ್ಲಿ ಚುರುಕು, ಮನೆಯಲ್ಲಿ ಆಮೆ.

ಪ್ಲಗ್ ತಿರುಗಿಸಿ ನೋಡಿದರೆ ನಡುವಿನ ಪಿನ್ ಒಂದು ಕಡೆಗೆ ಬಾಗಿ ಗೋಡೆಗೆ ಒರಗಿದೆ. ಸೂಜಿಯಿಂದ ನೆಟ್ಟಗೆ ಮಾಡಲು ಹೋದೆ, ಮುರಿಯಿತು. ಅದೇ ಕಂಪನಿಯ 65 ವ್ಯಾಟಿನ ಇನ್ನೊಂದು ಅಡಾಪ್ಟರ್ ತರಿಸಿ ಚುಚ್ಚಿದೆ. ಬಯೋಸ್‌ನಲ್ಲಿ 65 ವ್ಯಾಟ್ ಅಂತ ಬಂತು, ಚಾರ್ಜ್ ದೀಪ ಹತ್ತಿತು, ಡೆಸ್ಕ್‌ಟಾಪ್ 14 ಸೆಕೆಂಡಿಗೆ. ಥ್ರಾಟಲ್‌ಸ್ಟಾಪ್ ಅನ್ನುವ ಪ್ರೋಗ್ರಾಂ ಹಾಕಿ "ಬಿ.ಡಿ. ಪ್ರೋಕ್‌ಹಾಟ್" (BD PROCHOT) ಅನ್ನುವ ಸಂಕೇತದ ಟಿಕ್ ಗುರುತು ತೆಗೆದರೆ ಅಡಾಪ್ಟರ್ ಬದಲಿಸದೆಯೂ ವೇಗ ಬರುತ್ತದೆ ಅಂತ ಹೇಳುವವರಿದ್ದಾರೆ. ಬರುತ್ತದೆ ನಿಜ. ಆದರೆ ಆ ಸಂಕೇತ ಬೋರ್ಡಿನ ಬೇರೆ ಭಾಗ ನಿಜವಾಗಿ ಕಾದಾಗಲೂ ಪ್ರೊಸೆಸರಿಗೆ ಬ್ರೇಕ್ ಹಾಕಲು ಇರುವಂಥದ್ದು, ಅದನ್ನು ಕುರುಡು ಮಾಡಿ ಗುರುತಿಲ್ಲದ ಅಡಾಪ್ಟರಿನಿಂದ ಪೂರ್ತಿ ಎಳೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಎಸ್‌ಎಸ್‌ಡಿ, ರ‍್ಯಾಮ್ ದಂಡವಾಯಿತಾ? ಈ ಪ್ರಶ್ನೆ ಕೊರೆಯುತ್ತಿತ್ತು, ಪರೀಕ್ಷೆ ಮಾಡಿಯೇ ಬಿಟ್ಟೆ. ಹೊಸ ಅಡಾಪ್ಟರ್ ಇಟ್ಟುಕೊಂಡು ಹಳೇ ಹಾರ್ಡ್ ಡಿಸ್ಕಿನಿಂದ ಆನ್ ಮಾಡಿದೆ. ಡೆಸ್ಕ್‌ಟಾಪ್ ಕಾಣಲು ಒಂದು ನಿಮಿಷ 20 ಸೆಕೆಂಡ್, ಅದಾದ ಮೇಲೂ ಇನ್ನೆರಡು ನಿಮಿಷ ಡಿಸ್ಕ್ ಕರಕರ ಅನ್ನುತ್ತಿತ್ತು. ಎಸ್‌ಎಸ್‌ಡಿ ದಂಡವಲ್ಲ. ರ‍್ಯಾಮ್ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ನನ್ನ ಇಪ್ಪತ್ತು ಟ್ಯಾಬಿನ ಬ್ರೌಸರ್ ಸೇರಿ 9-10 ಜಿಬಿ ದಾಟುವುದು ಅಪರೂಪ. 8 ಜಿಬಿಯ ಕಡ್ಡಿ ಹಾಕಿ 12 ಮಾಡಿದ್ದರೆ ಸಾಕಾಗುತ್ತಿತ್ತು.

ವೇಗ ಬಂತು, ಅದರ ಬೆನ್ನಿಗೇ ಇನ್ನೊಂದು ರೋಗ ಹೊರಬಿತ್ತು. ಇಷ್ಟು ದಿನ 0.39ರಲ್ಲಿ ತೆವಳುತ್ತಿದ್ದ ಪ್ರೊಸೆಸರ್ ಈಗ ಓಡಲು ಶುರುಮಾಡಿ ಅರ್ಧ ನಿಮಿಷದಲ್ಲಿ 97 ಡಿಗ್ರಿ ಮುಟ್ಟಿತು, ಫ್ಯಾನ್ ಅರಚತೊಡಗಿತು. ಸರಿ, ಮೂರನೇ ಸಲ ತಳ ಬಿಚ್ಚಿದೆ. ಈ ಸಲ ಫ್ಯಾನ್ ಕೂಡ ಹೊರಗೆ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಒತ್ತಾಗಿ ಹೆಣೆದುಕೊಂಡು ಕಂಬಳಿಯ ತುಂಡಿನ ಹಾಗೆ ಕೂತಿತ್ತು, ಚಿಮುಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಎದ್ದುಬಂತು. ಹೊರಗಡೆಯಿಂದ ಗಾಳಿ ಊದಿದ್ದರೆ ಇದು ಹೋಗುತ್ತಲೇ ಇರಲಿಲ್ಲ. ಗಾಳಿ ಊದುವುದಾದರೂ ಫ್ಯಾನಿನ ಎಲೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಊದಬೇಕು, ಬುಗುರಿಯ ಹಾಗೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚು ಹಾಕಿರುತ್ತಾರೆ. ಬಿಗಿಯುವಾಗ ಅದೇ ಕ್ರಮ, ಅದೂ ಒಂದೇ ಸಲ ಪೂರ್ತಿ ಬಿಗಿಯದೆ ಸ್ವಲ್ಪ ಸ್ವಲ್ಪ. ಪ್ರೊಸೆಸರಿನ ಸಿಲಿಕಾನ್ ಚೂರು ಮೇಲೆ ಬೆತ್ತಲೆ ಇರುತ್ತದೆ, ಒಂದೇ ಮೂಲೆಗೆ ಭಾರ ಬಿದ್ದರೆ ಚಕ್ಕೆ ಏಳಬಹುದು. ಪ್ರೊಸೆಸರಿನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೇ ಪೇಸ್ಟ್ ಒಣಗಿ ಸೀಮೆಸುಣ್ಣದಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ತೆಳುವಾಗಿ ಇಡೀ ಚೂರಿನ ಮೇಲೆ ಹರಡಿದೆ. ಮತ್ತೆ ಅದೇ ಕೆಲಸ ಕೊಟ್ಟಾಗ 79 ಡಿಗ್ರಿಗೆ ನಿಂತಿತು.

ಇದೇ ಸಲ ಒಂದು ತಮಾಷೆ. ಫ್ಯಾನ್ ಪಕ್ಕದ ಸ್ಪೀಕರ್ ಎತ್ತಿದರೆ ಅದರ ಆಯಸ್ಕಾಂತಕ್ಕೆ ಪುಟ್ಟ ಸ್ಕ್ರೂ ಒಂದು ಅಂಟಿಕೊಂಡು ಕೂತಿದೆ. ತಳದ 9ನೆಯದೇ ಸಿಕ್ಕಿತು ಅಂದುಕೊಂಡೆ. ಅಲ್ಲ, ಅದಕ್ಕಿಂತ ತೀರಾ ಗಿಡ್ಡ. ಹಿಂದಿನವರು ಎಸ್‌ಎಸ್‌ಡಿ ಕೀಳುವಾಗ ಕೈಜಾರಿಸಿದ ಎಂ.2 ಸ್ಕ್ರೂ! ಹಳದಿ ಟೇಪ್ ಕಿತ್ತು ಅದನ್ನೇ ಹಾಕಿದೆ. ಬೋರ್ಡ್ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೋ.

ವೈಫೈ ಕಾರ್ಡ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ, ಅದರಲ್ಲಿ ಒಂಬತ್ತು ನಿಮಿಷ ಆಂಟೆನಾ ವೈರಿನ ಸಾಸಿವೆ ಗಾತ್ರದ ತುದಿಯನ್ನು ಕೂರಿಸುವುದಕ್ಕೆ. ನೇರವಾಗಿ ಮೇಲಿಟ್ಟು, ಸರಿಯಾದ ಜಾಗಕ್ಕೆ ಬಂತು ಅನಿಸಿದ ಮೇಲಷ್ಟೇ ಒತ್ತಬೇಕು, ಇಲ್ಲದಿದ್ದರೆ ಅಪ್ಪಚ್ಚಿ. ಇಂಟೆಲ್ ಎಎಕ್ಸ್210 ಹಾಕಿದೆ. ಹೆಸರಲ್ಲಿ ಅದರ ತಮ್ಮನಂತಿರುವ ಎಎಕ್ಸ್201 ತಂದಿದ್ದರೆ ಓಡುತ್ತಿರಲಿಲ್ಲ, ಅದಕ್ಕೆ ವೈಫೈ ಕೆಲಸದ ಅರ್ಧ ಭಾಗ ಚಿಪ್‌ಸೆಟ್ಟಿನಲ್ಲೇ ಇರುವ ಹೊಸ ಬೋರ್ಡ್‌ಗಳು ಬೇಕು. ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಆನ್ ಆಗಲೂ ಒಪ್ಪುವುದಿಲ್ಲ, ಉದಾಹರಣೆಗೆ 2012ರ ಥಿಂಕ್‌ಪ್ಯಾಡ್ ಎಕ್ಸ್230. ನನ್ನದು ತಕರಾರು ಮಾಡಲಿಲ್ಲ.

ಪರದೆಗೆ ಕೈ ಹಾಕಲಿಲ್ಲ. ಆಸೆ ಇತ್ತು, ಯಾಕೆಂದರೆ 1366×768ರ ಈ ಪರದೆ ಸ್ವಲ್ಪ ಓರೆಯಾದರೂ ಮುಖ ಬಿಳಿಚಿಕೊಳ್ಳುತ್ತದೆ. 1920×1080ರ, ಓರೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ ಹಾಕಬಹುದು, ಪರದೆ ಹಿಂದಿನ 30 ಪಿನ್ ಕನೆಕ್ಟರ್ ಎರಡಕ್ಕೂ ಒಂದೇ. ಆದರೆ ಕೆಳದರ್ಜೆ ಪರದೆಗೆ ಒಂದು ಲೇನ್ ಸಾಕು, ದೊಡ್ಡದಕ್ಕೆ ಎರಡು ಬೇಕು. ಮ್ಯಾನುಯಲ್‌ನ ಬಿಡಿಭಾಗಗಳ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕೇಬಲ್ ನಂಬರ್ ಇತ್ತು. ಅಂದರೆ ಪರದೆ ಜೊತೆ ಕೇಬಲ್ಲೂ, ಕೇಬಲ್ಲಿಗಾಗಿ ಹಿಂಜೂ ಬಿಚ್ಚಬೇಕು. ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಮೇಜಿನ ಮೇಲೆ ಇರುವಾಗ ಹೊರಗಿನ ಮಾನಿಟರ್ ಚುಚ್ಚಿಕೊಳ್ಳುತ್ತೇನೆ.

ಪ್ರೊಸೆಸರ್ ಯಾಕೆ ಆಗುವುದಿಲ್ಲ ಅಂತ ಕೇಳುವವರಿಗೆ: ಇಂಟೆಲ್‌ನ ಸಾಮಾನ್ಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಸಾಕೆಟ್ಟಿನಿಂದ ಕೀಳಬಹುದಾದದ್ದು 4ನೇ ಜನರೇಶನ್ನಿನಲ್ಲೇ ಕೊನೆ. ಆಮೇಲೆ ಎಲ್ಲವೂ ಸಣ್ಣ ಸಣ್ಣ ಬೆಸುಗೆ ಗುಂಡುಗಳ ಮೇಲೆ ಬೋರ್ಡಿಗೆ ಅಂಟಿಕೊಂಡೇ ಬರುತ್ತವೆ. ಗ್ರಾಫಿಕ್ಸ್ ಚಿಪ್ ಕಥೆಯೂ ಬಹುಪಾಲು ಅದೇ. ರ‍್ಯಾಮ್ ಕೂಡ ಆ ದಾರಿ ಹಿಡಿದಿದೆ. ಲಕ್ಷಣ ಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಅಂತ ಬರೆದಿದ್ದರೆ ಹೆಚ್ಚುಕಡಿಮೆ ಎಲ್ಲ ಕಡೆ ಬೆಸುಗೆ ಅಂತಲೇ ಅರ್ಥ. ಆಪಲ್‌ನ ರೆಟಿನಾ ಮ್ಯಾಕ್‌ಬುಕ್ ಪ್ರೊ 2012ರಲ್ಲಿ ಬಂದಾಗಲೇ ರ‍್ಯಾಮ್ ಬೋರ್ಡಿಗೆ ಸೇರಿತ್ತು. ಇನ್ನೊಂದು ತುದಿಯಲ್ಲಿ ಫ್ರೇಮ್‌ವರ್ಕ್ ಕಂಪನಿ ಮದರ್‌ಬೋರ್ಡನ್ನೇ ಬಿಡಿಯಾಗಿ ಮಾರುತ್ತಿದೆ, ಹಳೆಯದನ್ನು ಕಿತ್ತು ಅದೇ ಡಬ್ಬಿಗೆ ಹೊಸದು ಹಾಕಬಹುದು. ಅದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ನನಗೊಂದು ಮಾತು ಹೇಳಿ.

ಉಳಿದಿರುವುದು ಬ್ಯಾಟರಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದರೆ, ಹೊಸದಾಗಿದ್ದಾಗ 48 ವ್ಯಾಟ್-ಅವರ್, ಈಗ ತುಂಬಿದರೆ 27. ಎರಡು ಗಂಟೆ ಬರುತ್ತದೆ. ಉಬ್ಬಿಲ್ಲ, ಅದನ್ನು ಮಾತ್ರ ಪ್ರತಿ ಸಲ ಬಿಚ್ಚಿದಾಗಲೂ ನೋಡುತ್ತೇನೆ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾದರೆ ಅದು ಕೆಳಗಿನ ಬ್ಯಾಟರಿ ಉಬ್ಬಿದ ಲಕ್ಷಣ ಇರಬಹುದು, ಅಂಥದ್ದು ಕಂಡರೆ ಚಾರ್ಜ್ ಹಾಕುವುದು ನಿಲ್ಲಿಸಿ ಮೊದಲು ಬ್ಯಾಟರಿ ಹೊರತೆಗೆಯಬೇಕು, ಚುಚ್ಚಬಾರದು, ಮಡಿಸಬಾರದು. ನನ್ನ ಬ್ಯಾಟರಿಯ ಚೀಟಿ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡಿದ್ದೇನೆ, ಮಾದರಿ ಹೆಸರು ನೋಡಿ ತರಿಸುವುದು ಸಾಲದು, ಒಂದೇ ಮಾದರಿಯಲ್ಲಿ ಎರಡು ಥರದ ಬ್ಯಾಟರಿ ಬಂದಿರುತ್ತವೆ. ಅದು ಬಂದ ದಿನ ನಾಲ್ಕನೇ ಸಲ ಬಿಚ್ಚುವುದಿದೆ. ರಟ್ಟು ಅಲ್ಲೇ ಇಟ್ಟಿದ್ದೇನೆ, 9ನೇ ತೂತಿನ ಜಾಗದಲ್ಲಿ ಇನ್ನೂ ಏನೂ ಚುಚ್ಚಿಲ್ಲ.